ಗುಪ್ತ ಪತ್ರವೂ ಸಾರ್ವಜನಿಕ ಕೀಲಿಯೂ

ಅಂಚೆಯ ಕಾರ್ಡಿನಲ್ಲಿ ಬರೆದದ್ದನ್ನು ಟಪಾಲಿನವನೂ ಓದಬಹುದು, ಓಣಿಯವರೂ ಓದಬಹುದು. ಆದ್ದರಿಂದಲೇ ನಮ್ಮ ಹಿರಿಯರು ಮನೆಯ ಗುಟ್ಟಿನ ಮಾತನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕಳಿಸುತ್ತಿದ್ದರು. ಇಂದಿನ ಇ-ಮೇಲ್‌ಗೆ ದಾರಿಯಲ್ಲಿ ಸಾಮಾನ್ಯವಾಗಿ ಹೊದಿಕೆ ಇರುತ್ತದೆ. ಆದರೆ ಅದನ್ನು ಸಾಗಿಸುವ ಕಂಪನಿಯ ಗಣಕಯಂತ್ರದಲ್ಲಿ ಹೊದಿಕೆ ಕಳಚುತ್ತದೆ. ಅಲ್ಲಿ ಅದು ಕಾರ್ಡೇ ಸರಿ. ಕಾಲೇಜಿನ ಪ್ರವೇಶಕ್ಕೆಂದು ಆಧಾರ್ ಕಾರ್ಡಿನ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕಿನ ಪ್ರತಿ ಎಲ್ಲವನ್ನೂ ಇ-ಮೇಲ್‌ನಲ್ಲಿ ಕಳಿಸುವ ಪಾಲಕರು ಇದನ್ನು ಅರಿತಿರಬೇಕು.

ಗುಪ್ತಲಿಪಿ ಹೊಸದಲ್ಲ. ಹಳೆಯ ಪದ್ಧತಿಯಲ್ಲಿ ಬರೆಯುವವನಿಗೂ ಓದುವವನಿಗೂ ಒಂದೇ ಗುಟ್ಟು ಗೊತ್ತಿರಬೇಕಿತ್ತು. ಆ ಗುಟ್ಟನ್ನೇ ದೂರದವನಿಗೆ ಮುಟ್ಟಿಸುವುದು ಹೇಗೆ? ಈ ತೊಡಕನ್ನು ಬಿಡಿಸುವ ದಾರಿಯನ್ನು 1976ರಲ್ಲಿ ಅಮೇರಿಕದ ಡಿಫಿ ಮತ್ತು ಹೆಲ್‌ಮನ್ ಎಂಬವರು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಾಕಾರದಿಂದ ಅದನ್ನು ಸಾಧಿಸಿ ತೋರಿಸಿದರು. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬವರು 'ಪಿ.ಜಿ.ಪಿ.' ಎಂಬ ಸಾಧನದ ಮೂಲಕ ಈ ವಿದ್ಯೆಯನ್ನು ಜನಸಾಮಾನ್ಯರ ಇ-ಮೇಲ್‌ಗೆ ತಂದರು.

ಇದರಲ್ಲಿ ಪ್ರತಿಯೊಬ್ಬರಿಗೂ ಎರಡು ಕೀಲಿಗಳು: ಒಂದು ಸಾರ್ವಜನಿಕ, ಇನ್ನೊಂದು ಖಾಸಗಿ. ಇಲ್ಲಿ ಭಾಷೆಯ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮರಾಠಿಯ 'ಕಿಲ್ಲಿ' ಎಂದರೆ ಬೀಗ ತೆರೆಯುವ ಸಾಧನ. ನಮ್ಮ ಈ ಭಾಗದ ಕನ್ನಡದಲ್ಲಾದರೋ 'ಕೀಲಿ ಹಾಕು' ಎಂದರೆ ಬೀಗ ಹಾಕು ಎಂದೇ ಅರ್ಥ, ತೆರೆಯುವುದು ಕೀಲಿಕೈ. ಈ ವಿಷಯದ ಮಟ್ಟಿಗೆ ನಮ್ಮ ಕನ್ನಡವೇ ಹೆಚ್ಚು ಸರಿ! ಸಾರ್ವಜನಿಕ ಕೀಲಿ ನಿಜವಾಗಿ ಒಂದು ತೆರೆದ ಬೀಗ. ಅದನ್ನು ಊರಿಗೆಲ್ಲ ಹಂಚಬಹುದು. ನನಗೆ ಪತ್ರ ಬರೆಯುವವರು ನನ್ನ ಬೀಗವನ್ನು ಒತ್ತಿ ಹಾಕಿ ಕಳಿಸುತ್ತಾರೆ; ಹಾಕಿದ ಮೇಲೆ ಅವರೂ ತೆರೆಯಲಾರರು. ಕೀಲಿಕೈ ನನ್ನ ಹತ್ತಿರ ಮಾತ್ರ.

ಹಾಗಾದರೆ ಬೇರೆಯವರ ಬೀಗ ಎಲ್ಲಿ ಸಿಗುತ್ತದೆ? ಅದಕ್ಕೇ 'ಕೀ ಸರ್ವರ್' ಎಂಬ ಭಂಡಾರಗಳಿವೆ. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರು ಹುಡುಕಿದಂತೆ ಇಲ್ಲಿ ಇ-ಮೇಲ್ ವಿಳಾಸ ಕೊಟ್ಟರೆ ಅವರ ಸಾರ್ವಜನಿಕ ಕೀಲಿ ದೊರೆಯುತ್ತದೆ. ಅಪಾಯವೂ ಇಲ್ಲಿಯೇ ಇದೆ. ಹಳೆಯ ಭಂಡಾರಗಳಲ್ಲಿ ಯಾರು ಯಾರ ಹೆಸರಿನಲ್ಲಿಯೂ ಕೀಲಿ ಇಡಬಹುದಿತ್ತು, ಇಟ್ಟದ್ದನ್ನು ಅಳಿಸುವಂತಿರಲಿಲ್ಲ. ಕಳ್ಳನೊಬ್ಬ ನಿಮ್ಮ ಅಣ್ಣನ ಹೆಸರಿನಲ್ಲಿ ತನ್ನ ಬೀಗವನ್ನಿಟ್ಟರೆ, ನೀವು ಅಣ್ಣನಿಗೆಂದು ಬರೆದದ್ದನ್ನು ಅವನು ತೆರೆದು ಓದುತ್ತಾನೆ.

ಆದುದರಿಂದ ಪ್ರತಿ ಕೀಲಿಗೂ 'ಬೆರಳಚ್ಚು' ಉಂಟು. ಬಹಳ ಕಾಲ ಬಳಕೆಯಲ್ಲಿರುವ ಪದ್ಧತಿಯಲ್ಲಿ ಇದು 40 ಅಂಕಾಕ್ಷರಗಳ ಸಾಲು. 2013ರ ಜನವರಿಯಲ್ಲಿ ಎಡ್ವರ್ಡ್ ಸ್ನೋಡೆನ್ ತನ್ನ ಹೆಸರು ಹೇಳದೆ ಮೈಕಾ ಲೀ ಎಂಬವರಿಗೆ ಪತ್ರ ಬರೆದು, ಚಿತ್ರನಿರ್ಮಾಪಕಿ ಲಾರಾ ಪೊಯಿಟ್ರಸ್ ಅವರ ಕೀಲಿಯನ್ನು ಕೇಳಿದರು. ಅಮೇರಿಕ ಸರಕಾರವು ಜನರ ಸಂಪರ್ಕಗಳ ಮೇಲೆ ಇಟ್ಟಿದ್ದ ಗುಪ್ತ ಕಣ್ಣಿನ ಸಂಗತಿಯನ್ನು ಆ ವರ್ಷವೇ ಹೊರಗೆಡಹಿದವರು ಇವರು. ಇ-ಮೇಲ್‌ನಲ್ಲಿ ಬಂದ ಕೀಲಿ ದಾರಿಯಲ್ಲಿ ಬದಲಾಗಿಲ್ಲವೆಂದು ನಂಬುವುದೆಂತು? ಅದಕ್ಕಾಗಿ ಲೀ ಅವರು ಆ ಕೀಲಿಯ ಬೆರಳಚ್ಚನ್ನು ಟ್ವಿಟರ್‌ನಲ್ಲಿ, ಎಲ್ಲರ ಕಣ್ಣೆದುರು, ಪ್ರಕಟಿಸಿದರು. ಗುಟ್ಟನ್ನು ಕಾಯಲು ಬಹಿರಂಗವಾಗಿ ಸಾರಬೇಕಾಯಿತು ನೋಡಿ! ನಮಗೆ ಅಷ್ಟೆಲ್ಲ ಬೇಡ. ಅಣ್ಣನಿಗೆ ಫೋನ್ ಮಾಡಿ, ಅವನ ದನಿ ಗುರುತಿಸಿ, ಆ 40ನ್ನೂ ಓದಿಸಿ ತಾಳೆ ನೋಡಿದರೆ ಸಾಕು. ಕೊನೆಯ ಎಂಟನ್ನು ಮಾತ್ರ ನೋಡಿ ಬಿಡಬಾರದು. ಅಷ್ಟು ಮಾತ್ರ ಹೊಂದುವ ಸುಳ್ಳು ಕೀಲಿಯನ್ನು ತಯಾರಿಸುವುದು ಸುಲಭ.

2019ರ ಜೂನ್‌ನಲ್ಲಿ ಕಿಡಿಗೇಡಿಗಳು ಹಳೆಯ ಭಂಡಾರಗಳಲ್ಲಿದ್ದ ಕೆಲವರ ಕೀಲಿಗಳಿಗೆ ರಾಶಿಗಟ್ಟಲೆ ಸುಳ್ಳು ಸಹಿಗಳನ್ನು ಅಂಟಿಸಿ, ಅವನ್ನು ತರಿಸಿಕೊಂಡವರ ಯಂತ್ರಗಳು ಕೆಲಸ ಮಾಡದಂತೆ ಮಾಡಿದರು. ಅದೇ ತಿಂಗಳು 'ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್' ಎಂಬ ಹೊಸ ಭಂಡಾರ ತೆರೆಯಿತು. ಇಲ್ಲಿ ಕೀಲಿ ಇಟ್ಟರೆ ಆ ವಿಳಾಸಕ್ಕೆ ಒಂದು ಪತ್ರ ಬರುತ್ತದೆ. ಅದರಲ್ಲಿರುವ ಕೊಂಡಿಯನ್ನು ಒತ್ತಿ ಒಪ್ಪಿಗೆ ಕೊಟ್ಟ ಮೇಲೆಯೇ ವಿಳಾಸದ ಮೂಲಕ ಹುಡುಕುವವರಿಗೆ ಅದು ಕಾಣುತ್ತದೆ. ಬೇಡವಾದರೆ ವಿಳಾಸವನ್ನು ತೆಗೆಸಲೂಬಹುದು.

ಮಾಡಿ ನೋಡುವ ಆಸೆಯಿದ್ದವರು 'ಥಂಡರ್‌ಬರ್ಡ್' ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಬಹುದು; 2020ರಿಂದ ಕೀಲಿ ತಯಾರಿಸುವ ಏರ್ಪಾಡು ಅದರಲ್ಲೇ ಇದೆ. ಆದರೆ ಪತ್ರದ ಒಳಗಿನ ಮಾತು ಅಡಗಿದರೂ ಯಾರು ಯಾರಿಗೆ ಯಾವಾಗ ಬರೆದರು ಎಂಬುದು ಅಡಗದು. ಖಾಸಗಿ ಕೀಲಿ ಕಳೆದುಹೋದರೆ ಬಂದ ಹಳೆಯ ಪತ್ರಗಳನ್ನು ಯಾವ ಕಂಪನಿಯೂ ತೆರೆದುಕೊಡಲಾರದು. ಆದ್ದರಿಂದ ಅದರ ಒಂದು ಪ್ರತಿಯನ್ನೂ, ಕೀಲಿಯನ್ನು ರದ್ದುಮಾಡುವ ಪತ್ರವನ್ನೂ ಬೇರೊಂದು ಪೆನ್‌ಡ್ರೈವ್‌ನಲ್ಲಿ ಹಾಕಿ, ಮನೆಯಲ್ಲಿ ಹೊಲದ ಕಾಗದಪತ್ರಗಳನ್ನಿಡುವ ಟ್ರಂಕಿನಲ್ಲೇ ಇಟ್ಟುಬಿಡಿ.