ಪೋಪರೇ ತಪ್ಪಿ ನುಡಿದಾಗ

ನವೆಂಬರ್ 1 ಸಕಲ ಸಂತರ ಹಬ್ಬ, ಮರುದಿನ ಮೃತರ ಸ್ಮರಣೆ. ಬೇಳ, ಕಯ್ಯಾರು, ಮಂಜೇಶ್ವರದ ಕಡೆಯ ಕಥೋಲಿಕ ಕುಟುಂಬಗಳು ಆಗ ತಮ್ಮ ಹಿರಿಯರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತವೆ. ಒಳ್ಳೆಯವರಾಗಿ ಬಾಳಿ ಶುದ್ಧರಾಗಿ ತೀರಿಕೊಂಡವರು ದೇವರ ಮುಖ ಕಾಣುತ್ತಿದ್ದಾರೆ, ನಮಗಾಗಿ ಬೇಡುತ್ತಾರೆ ಎಂಬುದು ಈ ಆಚರಣೆಯ ಹಿಂದಿರುವ ನಂಬಿಕೆ. ಒಂದು ಕಾಲದಲ್ಲಿ ಈ ನಂಬಿಕೆಯನ್ನೇ ಸ್ವತಃ ಪೋಪರೊಬ್ಬರು ಅಲ್ಲಗಳೆದಿದ್ದರು ಎಂದರೆ ಹಲವರಿಗೆ ಅಚ್ಚರಿಯಾದೀತು.

ಅವರು 22ನೇ ಜಾನ್. ಆಗ ಪೋಪರ ವಾಸ ರೋಮಿನಲ್ಲಿರಲಿಲ್ಲ, ಈಗಿನ ಫ್ರಾನ್ಸಿನ ಅವಿಞೋನ್ ನಗರದಲ್ಲಿತ್ತು. 1331ರ ಸಕಲ ಸಂತರ ಹಬ್ಬದ ಪ್ರವಚನದಲ್ಲಿ ಅವರು, ಸಂತರ ಆತ್ಮಗಳು ಸಹ ಅಂತಿಮ ತೀರ್ಪಿನ ದಿನದವರೆಗೆ ದೇವರನ್ನು ಮುಖಾಮುಖಿ ಕಾಣುವುದಿಲ್ಲ ಎಂದರು. ಬಾಯ್ತಪ್ಪಿ ಬಂದ ಮಾತಲ್ಲ, ಮುಂದಿನ ಪ್ರವಚನಗಳಲ್ಲೂ ಅದನ್ನೇ ಮುಂದುವರಿಸಿದರು. ಜನಸಾಮಾನ್ಯರ ಪಾಲಿಗೆ ಇದು ಸಣ್ಣ ವಿಷಯವಲ್ಲ. ಸಂತರೇ ಇನ್ನೂ ಕಾಯುತ್ತಿದ್ದರೆ ತೀರಿಕೊಂಡ ಅಪ್ಪ ಅಮ್ಮಂದಿರ ಗತಿಯೇನು?

ಆಗ ಯಾರೂ ಇಗರ್ಜಿ ಬಿಟ್ಟು ಹೋಗಲಿಲ್ಲ, ಬಾಯಿ ಮುಚ್ಚಿಕೊಂಡೂ ಕೂರಲಿಲ್ಲ. ಥಾಮಸ್ ವೇಲಿಸ್ ಎಂಬ ಇಂಗ್ಲೆಂಡಿನ ಡೊಮಿನಿಕನ್ ಸಂನ್ಯಾಸಿ 1333ರ ಜನವರಿಯಲ್ಲಿ ಅವಿಞೋನಿನಲ್ಲೇ, ಪೋಪರ ಮನೆಯಂಗಳದಲ್ಲೇ ಎನ್ನಬೇಕು, ಇದಕ್ಕೆ ವಿರುದ್ಧವಾಗಿ ಪ್ರವಚನ ಮಾಡಿದರು. ಅದಕ್ಕೆ ಸೆರೆಮನೆ ಸೇರಬೇಕಾಯಿತು. ಮೋ ಎಂಬ ಊರಿನ ಧರ್ಮಾಧ್ಯಕ್ಷರಾಗಿದ್ದ ದುರಾಂದುಸ್ ಬರಹದ ಮೂಲಕ ವಿರೋಧಿಸಿದರು. ಫ್ರಾನ್ಸಿನ ರಾಜ 6ನೇ ಫಿಲಿಪ್ ಪ್ಯಾರಿಸ್ ವಿಶ್ವವಿದ್ಯಾಲಯದ ದೈವಶಾಸ್ತ್ರಜ್ಞರನ್ನು 1333ರ ಡಿಸೆಂಬರಿನಲ್ಲಿ ಸೇರಿಸಿ ಅಭಿಪ್ರಾಯ ಕೇಳಿದ. ಅವರ ಉತ್ತರ ಗಮನಿಸತಕ್ಕದ್ದು. ಶುದ್ಧ ಆತ್ಮಗಳು ಈಗಲೇ ದೇವರನ್ನು ಕಾಣುತ್ತವೆ ಎಂದು ಸ್ಪಷ್ಟವಾಗಿ ಹೇಳಿದರು. ಪೋಪರು ಆಡಿದ್ದು ಚರ್ಚೆಗೆ ಇಟ್ಟ ಅಭಿಪ್ರಾಯ, ಧರ್ಮಸಭೆಯ ತೀರ್ಮಾನವಲ್ಲ ಎಂದು ಗೌರವ ಬಿಡದೆ ಸೇರಿಸಿದರು.

ವಿರೋಧಿಸಿದವರೆಲ್ಲರ ಮನಸ್ಸೂ ಶುದ್ಧವಾಗಿತ್ತು ಎನ್ನಲಾಗದು. ಪೋಪರೊಂದಿಗೆ ಮೊದಲೇ ಜಗಳವಿದ್ದ ಬವೇರಿಯದ ಲೂಯಿ ಮತ್ತು ಅವನ ಆಶ್ರಯದಲ್ಲಿದ್ದವರಿಗೆ ಇದು ಸಿಕ್ಕಿದ ಅಸ್ತ್ರವಾಯಿತು. ಧರ್ಮದ ವಿವಾದದೊಳಗೆ ರಾಜಕೀಯ ನುಸುಳುವುದು ಇಂದು ನಿನ್ನೆಯದಲ್ಲ.

ಜಾನ್ ಕೊನೆಗೂ ಹಟ ಬಿಟ್ಟರು. ತೊಂಬತ್ತರ ಆಸುಪಾಸಿನ ಆ ಮುದುಕ 1334ರ ಡಿಸೆಂಬರ್ 3ರಂದು ಹಾಸಿಗೆ ಹಿಡಿದಿದ್ದಾಗ ಕಾರ್ಡಿನಲರ ಮುಂದೆ ತನ್ನ ಮಾತನ್ನು ಹಿಂದಕ್ಕೆ ಪಡೆದರು. ಮರುದಿನ ತೀರಿಕೊಂಡರು. ಅವರ ನಂತರ ಬಂದ 12ನೇ ಬೆನೆಡಿಕ್ಟ್ 1336ರ ಜನವರಿ 29ರಂದು ವಿಷಯವನ್ನು ಅಧಿಕೃತವಾಗಿ ಇತ್ಯರ್ಥಗೊಳಿಸಿದರು: ಶುದ್ಧೀಕರಣ ಬೇಕಿಲ್ಲದ ಆತ್ಮಗಳು ಮರಣದ ಬೆನ್ನಿಗೇ, ಬೇಕಿದ್ದವು ಅದು ಮುಗಿದ ಮೇಲೆ, ಅಂತಿಮ ತೀರ್ಪಿಗೆ ಮೊದಲೇ ದೇವರನ್ನು ಕಾಣುತ್ತವೆ.

ಪೋಪ್ ಹೇಳಿದ್ದೆಲ್ಲವೂ ತಪ್ಪಿಲ್ಲದ್ದು ಎಂದು ಕಥೋಲಿಕ ಧರ್ಮಸಭೆ ಎಂದೂ ಕಲಿಸಿಲ್ಲ. 1870ರಲ್ಲಿ ಮೊದಲನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು ಇಷ್ಟೇ: ಇಡೀ ಧರ್ಮಸಭೆಯ ಗುರುವಾಗಿ, ವಿಶ್ವಾಸ ಅಥವಾ ನೀತಿಯ ವಿಷಯದಲ್ಲಿ, ಎಲ್ಲರೂ ಒಪ್ಪಲೇಬೇಕೆಂದು ಪೋಪರು ವಿಧಿಸಿದಾಗ ಆ ತೀರ್ಮಾನದಲ್ಲಿ ತಪ್ಪಿರುವುದಿಲ್ಲ. ಹಾಗೆಂದು ಉಳಿದ ಮಾತನ್ನೆಲ್ಲ ಕಡೆಗಣಿಸಬಹುದು ಎಂದೂ ಅಲ್ಲ, ಅದಕ್ಕೂ ಗೌರವ ಸಲ್ಲಬೇಕು.

ಹಾಗಾದರೆ ಕ್ರಿಸ್ತೋಪದೇಶದಲ್ಲಿ ಕಲಿತದ್ದಕ್ಕೆ ವಿರುದ್ಧವಾದ ಮಾತು ಪ್ರವಚನದಲ್ಲಿ ಕೇಳಿಬಂದರೆ ಸಾಮಾನ್ಯ ವಿಶ್ವಾಸಿ ಏನು ಮಾಡಬೇಕು? 1983ರ ಧರ್ಮಸಭಾ ಕಾನೂನಿನ 212ನೇ ವಿಧಿ ದಾರಿ ತೋರಿಸುತ್ತದೆ. ಗುರುಗಳ ಬೋಧನೆಗೆ ವಿಧೇಯತೆ ಬೇಕು ಎಂದು ಹೇಳುವ ಅದೇ ವಿಧಿ, ಧರ್ಮಸಭೆಯ ಹಿತದ ವಿಷಯದಲ್ಲಿ ತನ್ನ ತಿಳಿವಳಿಕೆಗೆ ತಕ್ಕಂತೆ ಅಭಿಪ್ರಾಯ ತಿಳಿಸುವುದು ವಿಶ್ವಾಸಿಯ ಹಕ್ಕು, ಕೆಲವೊಮ್ಮೆ ಕರ್ತವ್ಯ ಎನ್ನುತ್ತದೆ. ಗುರುಗಳ ಮೇಲಿನ ಗೌರವ ಮಾತ್ರ ಬಿಡಬಾರದು. ಮೊದಲು ಧರ್ಮಗುರುಗಳನ್ನೇ ಕಂಡು, ಕೇಳಿದ್ದು ಸರಿಯೇ ಎಂದು ವಿಚಾರಿಸುವುದು ಒಳ್ಳೆಯದು. ಅರ್ಧ ವಿಷಯ ಅಲ್ಲೇ ಬಗೆಹರಿಯುತ್ತದೆ. ಆಗದಿದ್ದರೆ ಧರ್ಮಾಧ್ಯಕ್ಷರಿಗೆ ಬರೆಯಬಹುದು. ಮೇಲೆ ಹೇಳಿದ ಇಗರ್ಜಿಗಳು ಕೇರಳದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು, ಆದ್ದರಿಂದ ಪತ್ರ ಗಡಿ ದಾಟಿ ಮಂಗಳೂರಿಗೆ ಹೋಗಬೇಕು. ಮಲಯಾಳದಲ್ಲಿ ಪೂಜೆ ನಡೆಯುವ ಸಿರೋ ಮಲಬಾರ್ ಇಗರ್ಜಿಗಳ ಧರ್ಮಾಧ್ಯಕ್ಷರು ಬೇರೆ.

ಮಂಗಳೂರಿಗೆ ಬರೆಯುವ ಮುಂಚೆ ಧರ್ಮಸಭೆ ನಿಜವಾಗಿ ಏನು ಕಲಿಸುತ್ತದೆ ಎಂದು ನೋಡಿಕೊಳ್ಳಬೇಕು. ಅದಕ್ಕೆ 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥವಿದೆ. ಅದರ 1023ನೇ ಪರಿಚ್ಛೇದದಲ್ಲಿ ಸ್ವರ್ಗದ ಬಗ್ಗೆ ಹೇಳುವಾಗ ಉದ್ಧರಿಸಿರುವುದು 12ನೇ ಬೆನೆಡಿಕ್ಟರ ಅದೇ ತೀರ್ಮಾನವನ್ನು.