ಗ್ಯಾಸಿನ ಗುಳಿಗೆಗಿಂತ ಮೊದಲು ಇಸಿಜಿ

ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ ನನ್ನದೊಂದು ಔಷಧ ಅಂಗಡಿ. "ಎದಿ ಹಿಡದಂಗ ಆಗೈತಿ, ಗ್ಯಾಸ್ ಇರಬೇಕು, ಒಂದು ಗುಳಿಗಿ ಕೊಡು ತಮ್ಮಾ" ಎಂದು ಬೆವರೊರೆಸುತ್ತ ನಿಲ್ಲುವ ಹಿರಿಯರಿಗೆ ನನ್ನದು ಒಂದೇ ಮಾತು: "ಕಾಕಾ, ಗುಳಿಗಿ ಆಮ್ಯಾಲ. ಮೊದಲ ಇಸಿಜಿ ತಗಸ್ರಿ."

ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ಸತ್ತದ್ದು ಮರಳಿ ಬರುವುದಿಲ್ಲ. ಇಸಿಜಿಯಲ್ಲಿ ಇದು ಕಂಡ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಉತ್ತಮ. ನಮಗೆ ಸಾಂಗ್ಲಿ, ಮಿರಜ ದೂರ, ವಿಜಯಪುರವೂ ಮಗ್ಗುಲಲ್ಲಿಲ್ಲ. ಗಾಡಿ ಹುಡುಕಿ, ಬೀಗರಿಗೆ ಫೋನು ಮಾಡಿ ಹೊರಡುವಷ್ಟರಲ್ಲೇ ಅರ್ಧ ಹೊತ್ತು ಮುಗಿದಿರುತ್ತದೆ. ಅಷ್ಟರೊಳಗೆ ತಲುಪಲಾಗದಿದ್ದರೆ, ರಕ್ತಸ್ರಾವದ ಅಪಾಯವಿಲ್ಲದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಡಬೇಕು. ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ನಾಳ ತೆರೆದಿದ್ದರೆ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಮ್. ತೆರೆಯದಿದ್ದರೆ ತಡಮಾಡದೆ ಆಂಜಿಯೋಪ್ಲಾಸ್ಟಿ.

ಗಡಿಯಾಚೆ ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇದನ್ನೇ ಮಾಡುತ್ತಿದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಹಳ್ಳಿಗಳಿಗೆ ಬೇಕಾದದ್ದು ಇಂಥದ್ದೇ ಎಂದು ನನ್ನ ಗಟ್ಟಿ ನಂಬಿಕೆ.

ನಾಳ ಪೂರ್ತಿ ಮುಚ್ಚದ ಹೃದಯಾಘಾತಗಳೂ ಉಂಟು. ಅಪಾಯ ಹೆಚ್ಚಿದ್ದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಆಂಜಿಯೋಗ್ರಾಮ್ ಸಾಕು. ಔಷಧ ಕೊಟ್ಟರೂ ನೋವು ನಿಲ್ಲದಿದ್ದರೆ, ಬಿಪಿ ಕುಸಿದರೆ, 2 ಗಂಟೆಯೊಳಗೇ ಬೇಕು.

ಸಕ್ಕರೆ ಕಾಯಿಲೆಯವರಿಗೆ, ಹೆಣ್ಣುಮಕ್ಕಳಿಗೆ ಕೆಲವೊಮ್ಮೆ ಎದೆನೋವೇ ಇರುವುದಿಲ್ಲ; ಬರೀ ಏದುಸಿರು, ವಾಂತಿ, ದವಡೆ ನೋವು. ಅಂಥವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ, 108ಕ್ಕೆ ಕರೆ ಮಾಡಿ.