ಸೋಲುವ ತಂಡ ಗೆಲ್ಲುವ ತಂಡವಾದೀತೇ?

ಸೋತು ಸುಣ್ಣವಾದ ಒಂದು ಫುಟ್‌ಬಾಲ್ ತಂಡವು ಮತ್ತೆ ಮೇಲೆದ್ದು ಪ್ರಶಸ್ತಿಗೆ ಹೋರಾಡಬಲ್ಲುದೇ? ಚರ್ಚಾಕೂಟಕ್ಕೆ ಇದು ಒಳ್ಳೆಯ ವಿಷಯ. ಆದರೆ ನಮ್ಮ ಮಕ್ಕಳು ಚರ್ಚಾಕೂಟಕ್ಕೆ ಕಾಯುವವರಲ್ಲ. ಬಸ್ಸಿನಲ್ಲಿಯೂ ಮಧ್ಯಾಹ್ನದ ಊಟದ ಸಾಲಿನಲ್ಲಿಯೂ ಇದೇ ವಾದ. ಅರ್ಧ ಕನ್ನಡ, ಅರ್ಧ ಮಲಯಾಳ, ನಡುವೆ ಒಂದಿಷ್ಟು ತುಳು. ಒಂದು ಪಕ್ಷದವರು ‘ಮನಸ್ಸಿದ್ದರೆ ಎಲ್ಲವೂ ಸಾಧ್ಯ’ ಎನ್ನುತ್ತಾರೆ. ಇನ್ನೊಂದು ಪಕ್ಷದವರು ‘ದುಡ್ಡಿಲ್ಲದೆ ಏನೂ ನಡೆಯದು’ ಎನ್ನುತ್ತಾರೆ. ಎರಡೂ ಪಕ್ಷಗಳಲ್ಲಿ ಗಂಟಲು ದೊಡ್ಡದು, ಆಧಾರ ಕಡಿಮೆ. ಆದುದರಿಂದ ನಿಜವಾಗಿ ನಡೆದ ಕೆಲವು ಸಂಗತಿಗಳನ್ನು ಲೆಕ್ಕಸಹಿತ ಪರಿಶೀಲಿಸೋಣ.

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳಿವೆ. ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ಎರಡೆರಡು ಬಾರಿ ಆಡುವುದರಿಂದ ಒಟ್ಟು 38 ಪಂದ್ಯಗಳು. ಗೆದ್ದರೆ 3 ಅಂಕ, ಸಮವಾದರೆ 1. ವರ್ಷದ ಕೊನೆಗೆ ತಳದಲ್ಲಿರುವ ಮೂರು ತಂಡಗಳು ಕೆಳಗಿನ ವಿಭಾಗಕ್ಕೆ ಇಳಿಯುತ್ತವೆ. ನಮ್ಮಲ್ಲಿ ‘ಫೇಲು’ ಎನ್ನುವ ಹಾಗೆ. 2014-15ರ ಸಾಲಿನಲ್ಲಿ ಲೆಸ್ಟರ್ ಸಿಟಿ ಎಂಬ ತಂಡವು 29 ಪಂದ್ಯಗಳನ್ನಾಡಿ ಗಳಿಸಿದ್ದು ಕೇವಲ 19 ಅಂಕ. ಸ್ಥಾನ ಕಟ್ಟಕಡೆಯದು. ಉಳಿದ 9 ಪಂದ್ಯಗಳಲ್ಲಿ ಅದೇ ತಂಡ 7ನ್ನು ಗೆದ್ದು, 1ನ್ನು ಸಮ ಮಾಡಿಕೊಂಡು, 41 ಅಂಕಗಳೊಡನೆ 14ನೆಯ ಸ್ಥಾನದಲ್ಲಿ ಉಳಿಯಿತು. ಮರುವರ್ಷ ಇಟಲಿಯ ಕ್ಲಾಡಿಯೋ ರಾನಿಯೇರಿ ತರಬೇತುದಾರರಾಗಿ ಬಂದರು. ಅಲ್ಲಿ ಬಾಜಿ ಕಟ್ಟುವುದು ಕಾನೂನುಬದ್ಧ ವ್ಯಾಪಾರ. ಲೆಸ್ಟರ್ ಪ್ರಶಸ್ತಿ ಗೆದ್ದರೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆಂದು ಆ ವ್ಯಾಪಾರಿಗಳು ನಗುತ್ತ ಸಾರಿದ್ದರು. 2016ರ ಮೇ 2ರಂದು ಲೆಸ್ಟರ್ ಚಾಂಪಿಯನ್ ಆಯಿತು. 81 ಅಂಕ, ಎರಡನೆಯ ಸ್ಥಾನದ ಆರ್ಸೆನಲ್‌ಗಿಂತ 10 ಹೆಚ್ಚು. ವರ್ಷವಿಡೀ ಸೋತದ್ದು ಮೂರೇ ಪಂದ್ಯ.

ಇದನ್ನು ಪವಾಡವೆಂದು ಬರೆದವರು ಬಹಳ. ಪವಾಡವೆಂದರೆ ವಿಚಾರ ಅಲ್ಲಿಗೇ ಮುಗಿಯಿತು. ನಾವು ಹಾಗೆ ಮುಗಿಸುವುದು ಬೇಡ.

ಮೊದಲನೆಯದಾಗಿ, ಆಟಗಾರರ ಆಯ್ಕೆ. ಜೇಮೀ ವಾರ್ಡಿ ವೈದ್ಯಕೀಯ ಸಲಕರಣೆಗಳ ಕಾರ್ಖಾನೆಯಲ್ಲಿ ದುಡಿಯುತ್ತ, ಬಿಡುವಿನಲ್ಲಿ ಚಿಕ್ಕ ಕ್ಲಬ್ಬಿಗೆ ಆಡುತ್ತಿದ್ದವರು. ರಿಯಾದ್ ಮಹ್ರೆಜ್ ಮತ್ತು ಎನ್‌ಗೊಲೊ ಕಾಂಟೆ ಫ್ರಾನ್ಸಿನ ಸಣ್ಣ ಕ್ಲಬ್ಬುಗಳಿಂದ ಬಂದವರು. ದೊಡ್ಡ ತಂಡಗಳ ಕಣ್ಣಿಗೆ ಬೀಳದವರನ್ನು ಹುಡುಕಿ ತರುವುದೇ ಲೆಸ್ಟರಿನ ಜಾಣತನವಾಗಿತ್ತು. ಆ ವರ್ಷ ವಾರ್ಡಿ ಸತತ 11 ಪಂದ್ಯಗಳಲ್ಲಿ ಗೋಲು ಹೊಡೆದರು. ಎರಡನೆಯದು ಆಟದ ಕ್ರಮ. ಚೆಂಡು ಹೆಚ್ಚು ಹೊತ್ತು ಎದುರಾಳಿಯ ಕಾಲಲ್ಲೇ ಇರುತ್ತಿತ್ತು. ಎದುರಾಳಿಗಳು ಗೋಲಿನಾಸೆಯಿಂದ ಮುಂದೆ ಮುಂದೆ ಬಂದಷ್ಟೂ ಅವರ ಬೆನ್ನ ಹಿಂದೆ ಬಯಲು ಖಾಲಿ. ಚೆಂಡು ಸಿಕ್ಕ ಕ್ಷಣವೇ ಎರಡು ಮೂರು ಒದೆತಗಳಲ್ಲಿ ಅದನ್ನು ಆ ಖಾಲಿ ಜಾಗಕ್ಕೆ ಕಳುಹಿಸುವುದು, ಅಲ್ಲಿಗೆ ವಾರ್ಡಿ ಓಡುವುದು. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡವನೇ ಆಟವನ್ನು ಆಳುತ್ತಾನೆಂಬ ನಂಬಿಕೆ ನಮ್ಮ ಹುಡುಗರಲ್ಲೂ ಇದೆ. ಅದು ಅರ್ಧ ಸತ್ಯ ಮಾತ್ರ.

ಮೂರನೆಯದು ರಕ್ಷಣೆ. ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು ಇದು. ಮೊದಲ 19 ಪಂದ್ಯಗಳಲ್ಲಿ ಲೆಸ್ಟರ್ ಬಿಟ್ಟುಕೊಟ್ಟ ಗೋಲುಗಳು 25. ಎರಡನೆಯ 19ರಲ್ಲಿ ಬರೇ 11. ಒಂದೂ ಗೋಲು ಬಿಟ್ಟುಕೊಡದೆ ಒಂದು ಪಂದ್ಯ ಮುಗಿಸಿದರೆ ಪಿಜ್ಜಾ ಕೊಡಿಸುತ್ತೇನೆಂದು ರಾನಿಯೇರಿ ಆಟಗಾರರಿಗೆ ಮಾತು ಕೊಟ್ಟಿದ್ದರು. ಅಕ್ಟೋಬರಿನಲ್ಲಿ ಆ ಸಾಧನೆಯಾದಾಗ ಹೋಟೆಲಿಗೆ ಕರೆದೊಯ್ದು, ‘ನೀವೇ ಮಾಡಿಕೊಳ್ಳಿ’ ಎಂದು ಹಿಟ್ಟು ನಾದಲು ಹಚ್ಚಿದರಂತೆ! ಮುಂದೆ 2016ರ ಮಾರ್ಚ್-ಏಪ್ರಿಲಿನಲ್ಲಿ ಆ ತಂಡ ಸತತ ನಾಲ್ಕು ಪಂದ್ಯಗಳನ್ನು 1-0 ಅಂತರದಲ್ಲೇ ಗೆದ್ದಿತು.

ಇನ್ನು ವಿರೋಧ ಪಕ್ಷದ ವಾದವನ್ನೂ ಕೇಳಬೇಕು. ಲೆಸ್ಟರ್ ಬಡ ತಂಡವಲ್ಲ. ಥಾಯ್ಲೆಂಡಿನ ದೊಡ್ಡ ಉದ್ಯಮಿಯೊಬ್ಬರು ಅದರ ಒಡೆಯರಾಗಿದ್ದರು. ಆ ವರ್ಷ ಗಾಯಾಳುಗಳು ಕಡಿಮೆ, ಹಿಂದಿನ ಚಾಂಪಿಯನ್ ಚೆಲ್ಸಿ ಎಡವಿ 10ನೆಯ ಸ್ಥಾನಕ್ಕೆ ಕುಸಿದಿತ್ತು. ಅದೃಷ್ಟವೂ ಸೇರಿತ್ತೆಂಬುದನ್ನು ಒಪ್ಪಲೇಬೇಕು. ಅದಕ್ಕಿಂತ ಬಲವಾದ ವಾದವೆಂದರೆ ಮುಂದೇನಾಯಿತೆಂಬುದು. ಕಾಂಟೆಯನ್ನು ಚೆಲ್ಸಿ ಕೊಂಡುಕೊಂಡಿತು; 2017ರಲ್ಲಿ ಚೆಲ್ಸಿಯೇ ಚಾಂಪಿಯನ್. ಲೆಸ್ಟರ್ 12ನೆಯದಾಯಿತು, ರಾನಿಯೇರಿಯವರನ್ನು ಅದೇ ಫೆಬ್ರವರಿಯಲ್ಲಿ ತೆಗೆದುಹಾಕಲಾಯಿತು. 2021ರಲ್ಲಿ ಎಫ್.ಎ. ಕಪ್ ಗೆದ್ದರೂ 2023ರಲ್ಲಿ ತಂಡ ಕೆಳಗಿಳಿಯಿತು, 2024ರಲ್ಲಿ ಮೇಲೇರಿತು, 2025ರಲ್ಲಿ ಮತ್ತೆ ಇಳಿಯಿತು. ಏರುವುದು ಒಂದು ವಿದ್ಯೆ, ಏರಿದಲ್ಲಿ ನಿಲ್ಲುವುದು ಬೇರೆಯೇ ವಿದ್ಯೆ.

ಹಾಗಾದರೆ ನಿಂತವರು ಯಾರೂ ಇಲ್ಲವೇ? ಸ್ವಲ್ಪ ಕಾಲವಾದರೂ ನಿಂತವರಿದ್ದಾರೆ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವು 1977ರಲ್ಲಿ ಎರಡನೆಯ ವಿಭಾಗದಲ್ಲಿ ಮೂರನೆಯ ಸ್ಥಾನ ಪಡೆದು ಹೇಗೋ ಮೇಲೆ ಬಂದಿತು. 1978ರಲ್ಲಿ ಇಂಗ್ಲೆಂಡಿಗೇ ಚಾಂಪಿಯನ್. 1979 ಮತ್ತು 1980ರಲ್ಲಿ ಯುರೋಪಿಗೇ ಚಾಂಪಿಯನ್! ತರಬೇತುದಾರ ಬ್ರಯನ್ ಕ್ಲಫ್. ಗೋಲುರಕ್ಷಕ ಪೀಟರ್ ಶಿಲ್ಟನ್‌ರನ್ನು ತಂದ ಆ ಮೊದಲ ವರ್ಷ 42 ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು 24 ಗೋಲು. ಇಲ್ಲಿಯೂ ರಕ್ಷಣೆಯ ಲೆಕ್ಕವೇ ಮಾತಾಡುತ್ತದೆ.

ನಮ್ಮ ನಾಡಿನ ಉದಾಹರಣೆಯೂ ಉಂಟು. 1956ರಲ್ಲಿ ಕೇರಳ ರಾಜ್ಯ ಹುಟ್ಟಿತು. ಸಂತೋಷ್ ಟ್ರೋಫಿ ಮೊದಲ ಬಾರಿ ಕೈಗೆ ಬಂದದ್ದು 1973ರ ಡಿಸೆಂಬರಿನಲ್ಲಿ. ಎರ್ನಾಕುಲದ ಫೈನಲ್‌ನಲ್ಲಿ ರೈಲ್ವೇಸ್ ವಿರುದ್ಧ 3-2 ಜಯ, ಮೂರು ಗೋಲುಗಳೂ ನಾಯಕ ಮಣಿಯವರದು. ಇನ್ನೊಮ್ಮೆ ಗೆಲ್ಲಲು 1991-92ರ ಸಾಲಿನವರೆಗೆ ಕಾಯಬೇಕಾಯಿತು. ಆದರೆ ಆ ಎರಡನೆಯ ಗೆಲುವು ಒಂಟಿಯಾಗಿ ಬರಲಿಲ್ಲ. ಮರುವರ್ಷವೂ ಕೇರಳವೇ ಗೆದ್ದಿತು. ಕಾರಣವನ್ನು ಹುಡುಕಿದರೆ ಪೊಲೀಸ್ ಇಲಾಖೆ ಸಿಗುತ್ತದೆ. ಕೇರಳ ಪೊಲೀಸ್ 1980ರ ದಶಕದಲ್ಲಿ ತಂಡ ಕಟ್ಟಿ ಸತ್ಯನ್, ಪಾಪ್ಪಚ್ಚನ್, ವಿಜಯನ್ ಮೊದಲಾದ ಯುವಕರಿಗೆ ಕೆಲಸ ಕೊಟ್ಟಿತ್ತು. ಹೊಟ್ಟೆಪಾಡಿನ ಚಿಂತೆ ತೀರಿತು, ಒಂದೇ ಗುಂಪು ಒಟ್ಟಿಗೆ ಅಭ್ಯಾಸ ಮಾಡುವಂತಾಯಿತು. ಆ ತಂಡ 1990 ಮತ್ತು 1991ರಲ್ಲಿ ಫೆಡರೇಶನ್ ಕಪ್ ಗೆದ್ದಿತು. ಸತ್ಯನ್ ಮುಂದೆ ಸಂತೋಷ್ ಟ್ರೋಫಿಯನ್ನೂ ಎತ್ತಿದರು.

ಇನ್ನು ಮೈಸೂರು. 1968-69ರ ಸಾಲಿನ ಹೊತ್ತಿಗೆ ನಾಲ್ಕು ಬಾರಿ ಗೆದ್ದಿದ್ದ ಆ ತಂಡ ಕರ್ನಾಟಕವೆಂಬ ಹೆಸರಿನಲ್ಲಿ ಮತ್ತೆ ಗೆದ್ದದ್ದು 2023ರ ಮಾರ್ಚಿನಲ್ಲಿ, ಸೌದಿ ಅರೇಬಿಯದ ರಿಯಾದಿನಲ್ಲಿ, ಮೇಘಾಲಯದ ವಿರುದ್ಧ 3-2 ಅಂತರದಿಂದ. ಅಜ್ಜ ಕಂಡ ಗೆಲುವನ್ನು ಮೊಮ್ಮಗ ಕಾಣಲು 54 ವರ್ಷ!

ಇಷ್ಟು ಹೇಳಲು ಕಾರಣವಿದೆ. ಈ ವರ್ಷ ನಮ್ಮ ಶಾಲೆಯ ತಂಡ ಉಪಜಿಲ್ಲಾ ಪಂದ್ಯಾಟದ ಮೊದಲ ಪಂದ್ಯದಲ್ಲೇ 5-0 ಅಂತರದಲ್ಲಿ ಸೋತು ಬಂದಾಗ ಕೆಲವು ಹೆತ್ತವರು, “ಮಾಷ್ಟ್ರೇ, ಬರುವ ವರ್ಷವೂ ಕಳುಹಿಸಬೇಕೇ? ಪಾಠವೂ ಹೋಯಿತು, ಮರ್ಯಾದೆಯೂ ಹೋಯಿತು” ಎಂದು ಕೇಳಿದರು. ಅವರ ಮಾತು ಸುಳ್ಳಲ್ಲ. ಕನ್ನಡ ವಿಭಾಗದ ಮೂರು ತರಗತಿಗಳನ್ನು ಜಾಲಾಡಿದರೂ ಹನ್ನೊಂದು ಮಂದಿ ಆಟಗಾರರನ್ನು ಹೊಂದಿಸುವುದು ಕಷ್ಟ; ಅವರಲ್ಲಿ ನಾಲ್ವರು ಹತ್ತನೆಯ ತರಗತಿ ಮುಗಿಸಿ ಹೋಗುತ್ತಾರೆ. ಆದರೆ ಗೆರೆಯ ಹೊರಗೆ ಕುಳಿತಿದ್ದ ಎಂಟನೆಯ ತರಗತಿಯ ಹುಡುಗನೊಬ್ಬ ನೋಟುಬುಕ್ಕಿನಲ್ಲಿ ಒಂದೊಂದು ಗೋಲಿನ ಸಮಯವನ್ನೂ ಬರೆದಿಟ್ಟಿದ್ದ. ಮೊದಲರ್ಧದಲ್ಲಿ ಒಂದು. ಉಳಿದ ನಾಲ್ಕರಲ್ಲಿ ಮೂರು ಕೊನೆಯ ಹತ್ತು ನಿಮಿಷಗಳಲ್ಲಿ. ಎಂದರೆ ನಮ್ಮವರಿಗೆ ಆಟ ಬಾರದೆ ಬಿದ್ದ ಗೋಲುಗಳಲ್ಲ ಅವು, ಉಸಿರು ಸಾಲದೆ ಬಿದ್ದವು.

ಉಸಿರಿಗೆ ಮದ್ದು ಓಟ, ಓಟಕ್ಕೆ ಬೇಕಾದದ್ದು ಸಮಯ. ಸಂಜೆ ಬಸ್ಸಿನ ಅವಸರ. ಆದುದರಿಂದ ಜೂನ್ ತಿಂಗಳಿನಿಂದ ವಾರಕ್ಕೆ ಮೂರು ದಿನ ಬೆಳಗ್ಗೆ ಎಂಟೂವರೆಗೆ ಅಭ್ಯಾಸ ಆರಂಭಿಸುವುದೆಂದು ದೈಹಿಕ ಶಿಕ್ಷಕರು ತೀರ್ಮಾನಿಸಿದ್ದಾರೆ. ಹೆತ್ತವರು ಮಕ್ಕಳನ್ನು ಮುಕ್ಕಾಲು ಗಂಟೆ ಮೊದಲು ಕಳುಹಿಸಿದರೆ ಸಾಕು. ಚೆಂಡುಗಳು ಎರಡಿವೆ, ಒಂದರಲ್ಲಿ ಗಾಳಿ ನಿಲ್ಲುವುದಿಲ್ಲ.